ಅರವತ್ತೆರಡನೆಯ ಹೆಸರು

ಉಟ್ರೆಕ್ಟಿನ ಹಳೇ ಕಾಲುವೆಯ ದಂಡೆಯ ಮೇಲಿದ್ದ ವಿಧವೆ ಕ್ಲಾರಾಳ ಅಚ್ಚುಕೂಟದಲ್ಲಿ ಲುಬ್ಬರ್ಟ್ ಎಂಬುವನು ಇಪ್ಪತ್ತೊಂಬತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದ. ಅಷ್ಟು ವರ್ಷಗಳಲ್ಲಿ ಅವನ ಕೈಯಿಂದ ಎಷ್ಟು ಪಂಡಿತರ ಹೆಸರು, ಎಷ್ಟು ಪಾದ್ರಿಗಳ ಹೆಸರು ಅಚ್ಚಾಗಿ ಹೊರಬಿದ್ದವೋ ಹೇಳಲಾಗದು. ಅವನ ಹೆಸರು ಮಾತ್ರ ಎಲ್ಲೂ ಅಚ್ಚಾಗಲಿಲ್ಲ. ಅದರ ಬಗ್ಗೆ ಅವನಿಗೆ ಬೇಸರವೂ ಇರಲಿಲ್ಲ. ಅವನನ್ನು ಒಳಗೊಳಗೇ ತಿಂದದ್ದು ಬೇರೊಂದು ಹೆಸರು. ಅದನ್ನು ಅಚ್ಚು ಹಾಕಲೇಬೇಕಾಗಿದ್ದ ದಿನ ಅವನು ಹಾಕದೆ ಬಿಟ್ಟಿದ್ದ.

ನೋಡಲಿಕ್ಕೆ ಉದ್ದ ಮನುಷ್ಯ. ಮೊಳೆಗಳ ಖಾನೆಗಳಿರುವ ಕೇಸಿನ ಮುಂದೆ ಬಗ್ಗಿ ಬಗ್ಗಿ ಬೆನ್ನು ಗೂನಾಗಿತ್ತು, ಎಡಗೈಯ ಹೆಬ್ಬೆರಳು ಸೀಸ ಮುಟ್ಟಿ ಮುಟ್ಟಿ ಕಪ್ಪಾಗಿತ್ತು. ಮೊಳೆ ಜೋಡಿಸುವವರು ಕೈಯಲ್ಲಿ ಹಿಡಿದ ಪಟ್ಟಿಯಲ್ಲಿ, ಅಂದರೆ ಸ್ಟಿಕ್ಕಿನಲ್ಲಿ, ನಿಲ್ಲಿಸಿದ ಸಾಲನ್ನು ತಲೆಕೆಳಗಾಗಿಯೇ ಓದಬೇಕು. ಲುಬ್ಬರ್ಟನಿಗೆ ಆ ಚಾಳಿ ಎಷ್ಟು ಅಂಟಿಕೊಂಡಿತ್ತೆಂದರೆ ಇಗರ್ಜಿಯಲ್ಲಿ ಕೀರ್ತನೆಯ ಪುಸ್ತಕವನ್ನೂ ತಲೆಕೆಳಗಾಗಿ ಹಿಡಿದೇ ಹಾಡುತ್ತಿದ್ದ. "ಪಾಪ, ಅಕ್ಷರದ ಮಧ್ಯೆನೇ ಕೆಲಸ, ಅಕ್ಷರ ಮಾತ್ರ ಹತ್ತಲಿಲ್ಲ ನೋಡು" ಎಂದು ಪಕ್ಕದ ಬೆಂಚಿನ ಹೆಂಗಸರು ಮರುಗುತ್ತಿದ್ದರು. ಅವನು ಮದುವೆಯಾಗಲಿಲ್ಲ. ತನಗಿಂತ ಒಂಬತ್ತು ವರ್ಷ ಚಿಕ್ಕವನಾದ ತಮ್ಮ ವೆಸ್ಸೆಲ್‌ನನ್ನು ಸಾಕುವುದರಲ್ಲೇ ಮದುವೆಯ ವಯಸ್ಸು ಕಳೆದುಹೋಯಿತು.

ವೆಸ್ಸೆಲ್ ಅದೇ ಅಚ್ಚುಕೂಟದ ನೆಲಮಾಳಿಗೆಯಲ್ಲಿ ಯಂತ್ರದ ಹಿಡಿ ಎಳೆಯುತ್ತಿದ್ದ. ಎಳೆದು ಎಳೆದು ಅವನ ಬಲತೋಳು ಎಡತೋಳಿನ ಒಂದೂವರೆಯಷ್ಟು ದಪ್ಪವಾಗಿತ್ತು. ಸದಾ ಹಾಡುತ್ತಿದ್ದ, ಒಂದು ಸ್ವರವೂ ನೆಟ್ಟಗೆ ಬೀಳುತ್ತಿರಲಿಲ್ಲ. ಮೇಲಿನ ಕೋಣೆಯಲ್ಲಿ ಅಚ್ಚಾದ ಹಾಳೆ ಮಡಿಸುತ್ತಿದ್ದ ಹಿಲ್ಲೆ ಎಂಬ ಹುಡುಗಿ ಆ ಹಾಡು ಕೇಳಲಾರದೆ, "ಬಾಯಿ ಮುಚ್ಚು ಮಾರಾಯ, ಹಾಳೆ ಸೊಟ್ಟ ಮಡಚ್ತಾ ಇದೀನಿ" ಎಂದು ಕೂಗಿದ್ದೇ ಅವರ ಮದುವೆಯ ಪೀಠಿಕೆ. ಮದುವೆಯಾದ ಮೇಲೆ ಅಣ್ಣ, ತಮ್ಮ, ತಮ್ಮನ ಹೆಂಡತಿ ಒಂದೇ ಮನೆಯಲ್ಲಿದ್ದರು. ಕೆಳಗೆ ಅವರಿಬ್ಬರು, ಅಟ್ಟದ ಮೇಲೆ ಲುಬ್ಬರ್ಟ್. ಹಿಲ್ಲೆ ಅವನನ್ನು ಭಾವ ಎನ್ನುತ್ತಿದ್ದಳು. ಮಜ್ಜಿಗೆ ಗಂಜಿಯ ಕೆನೆಭಾಗವನ್ನು ಅವನ ಬಟ್ಟಲಿಗೇ ಹಾಕುತ್ತಿದ್ದಳು.

ಸಾವಿರದ ಏಳುನೂರ ಒಂಬತ್ತರ ಚಳಿಗಾಲ ಆ ಊರಿನವರು ಮರೆಯುವಂಥದ್ದಲ್ಲ. ಕಾಲುವೆ ತಳದವರೆಗೂ ಕಲ್ಲಾಯಿತು. ಹಾರುತ್ತಿದ್ದ ಕಾಗೆ ಹಾರುತ್ತಿದ್ದ ಹಾಗೇ ಬಿದ್ದದ್ದನ್ನು ಕಂಡವರಿದ್ದಾರೆ. ಅಚ್ಚಿಗೆಂದು ಒದ್ದೆ ಮಾಡಿಟ್ಟ ಕಾಗದ ಹಲಗೆಯಾಯಿತು, ಶಾಯಿ ಗಟ್ಟಿಯಾಗಿ ಚಮಚ ನಿಂತಿತು. ಕ್ಲಾರಾ ಅಚ್ಚುಕೂಟಕ್ಕೆ ಬೀಗ ಹಾಕಿದಳು. ದಂಡಿಗೆ ಜನ ಬೇಕೆಂದು ತಮಟೆ ಬಡಿದದ್ದು ಆ ವಾರವೇ. ವೆಸ್ಸೆಲ್ ಅಣ್ಣನನ್ನು ಕೇಳಿದ.

"ಹೋಗಿ ಬಾ, ಒಂದು ಬೇಸಿಗೆ ತಾನೆ. ಅಲ್ಲಾದ್ರೂ ಹೊಟ್ಟೆ ತುಂಬುತ್ತೆ" ಎಂದ ಲುಬ್ಬರ್ಟ್.

ಹಿಲ್ಲೆ ಒಪ್ಪಲಿಲ್ಲ. ಮೂರು ದಿನ ಇಬ್ಬರ ಹತ್ತಿರವೂ ಮಾತಾಡಲಿಲ್ಲ. ಕೊನೆಗೆ ಲುಬ್ಬರ್ಟನೇ, "ಅವನು ವಾಪಸ್ ಬರದಿದ್ರೆ ನನ್ನನ್ನ ಕೇಳಮ್ಮ, ನಾನಿದೀನಲ್ಲ" ಎಂದು ಅವಳ ಕೈ ಹಿಡಿದು ಹೇಳಿದ. ಇಂಥ ಮಾತನ್ನು ಗಂಡಸರು ಎಷ್ಟು ಸಲೀಸಾಗಿ ಆಡಿಬಿಡುತ್ತಾರೆ ನೋಡಿ.

ಆ ಸೆಪ್ಟೆಂಬರಿನಲ್ಲಿ ದಕ್ಷಿಣದ ಕಾಡಂಚಿನಲ್ಲಿ ಫ್ರೆಂಚರ ಮೇಲೆ ದೊಡ್ಡ ಕಾಳಗವಾಯಿತು. ಗೆದ್ದೆವು ಎಂದು ಗಂಟೆ ಬಾರಿಸಿದರು. ಅಕ್ಟೋಬರಿನಲ್ಲಿ, ಮತ್ತೆ ಬಾಗಿಲು ತೆರೆದಿದ್ದ ಅಚ್ಚುಕೂಟಕ್ಕೆ, ದಂಡಿನ ಗುಮಾಸ್ತನಿಂದ ಎರಡು ಹಾಳೆಯ ಪಟ್ಟಿ ಬಂತು. ಸತ್ತವರ ಹೆಸರು ಅಚ್ಚು ಹಾಕಿ ಪುರಭವನದ ಬಾಗಿಲಿಗೆ, ಇಗರ್ಜಿಗಳ ಬಾಗಿಲಿಗೆ ಅಂಟಿಸಬೇಕು. ಕ್ಲಾರಾ ಅದನ್ನು ಓದದೆಯೇ ಲುಬ್ಬರ್ಟನ ಕೈಗಿತ್ತಳು.

ಅವನು ಮೊದಲು ದೊಡ್ಡ ಮೊಳೆಯಲ್ಲಿ ತಲೆಬರಹ ಜೋಡಿಸಿದ: ದಂಡಿನ ಉಟ್ರೆಕ್ಟ್ ಕಂಪನಿಯಲ್ಲಿ ಮಡಿದ ಅರವತ್ತೆರಡು ಮಂದಿ. ಆಮೇಲೆ ಒಂದೊಂದೇ ಹೆಸರು. ನಲವತ್ತೆಂಟು ಹೆಸರಾಯಿತು. ನಲವತ್ತೊಂಬತ್ತನೆಯದನ್ನು ಓದುವ ಮೊದಲೇ ಕೈ ಖಾನೆಗೆ ಹೋಗಿತ್ತು.

ಇಲ್ಲಿ ಕಸುಬಿನ ಒಂದು ಮಾತು ಹೇಳಬೇಕು. ವೆಸ್ಸೆಲ್ ಎಂಬ ಹೆಸರು ಬರೆಯುವುದು ಎರಡು ವೀ ಅಂಟಿಕೊಂಡಂತೆ ಕಾಣುವ ಡಬ್ಬಲ್ ವೀ ಅಕ್ಷರದಿಂದ. ಕ್ಲಾರಾಳ ಗಂಡ ಬದುಕಿದ್ದಾಗ ಕೊಂಡ ಮೊಳೆಗಳೆಲ್ಲ ಫ್ರೆಂಚರಿಗಾಗಿ ಎರಕ ಹೊಯ್ದವು. ಫ್ರೆಂಚರ ಭಾಷೆಗೆ ಆ ಅಕ್ಷರ ಬೇಕಿಲ್ಲವಾದ್ದರಿಂದ ಆ ಕೇಸಿನಲ್ಲಿ ಅದು ಇರಲೇ ಇಲ್ಲ. ಅಂಥ ಕಡೆ ಆ ಊರಿನ ಅಚ್ಚಿನವರು ಎರಡು ವೀ ಮೊಳೆಗಳನ್ನು ಪಕ್ಕಪಕ್ಕ ನಿಲ್ಲಿಸಿ ಕೆಲಸ ಸಾಗಿಸುತ್ತಿದ್ದರು. ಓದುವವರಿಗೂ ಅದು ರೂಢಿಯಾಗಿತ್ತು. ಲುಬ್ಬರ್ಟನ ಬೆರಳು ಎರಡು ವೀ ಎತ್ತಿ ಸ್ಟಿಕ್ಕಿನಲ್ಲಿ ನಿಲ್ಲಿಸಿತು. ಆಮೇಲೆ ಕಣ್ಣು ಕಾಗದದ ಮೇಲೆ ಹೋಯಿತು.

ಕಿಟಕಿಯ ಹತ್ತಿರ ಹಿಲ್ಲೆ ಹಾಳೆ ಮಡಿಸುತ್ತಿದ್ದಳು, ಮೂಳೆಯ ಪಟ್ಟಿಯಿಂದ ಮಡಿಕೆ ಉಜ್ಜುವ ಸದ್ದು ಬರುತ್ತಿತ್ತು. ಅವನು ಆ ಎರಡು ಮೊಳೆಗಳನ್ನು ಸ್ಟಿಕ್ಕಿನಿಂದ ಕಿತ್ತು ಖಾನೆಗೆ ಎಸೆದ. ಐವತ್ತನೆಯ ಹೆಸರಿನಿಂದ ಮುಂದುವರಿದ. ಕರಡು ತಾನೇ ನೋಡಿದ, ಗುಮಾಸ್ತನ ಹಾಳೆಗಳನ್ನು ಒಲೆಗೆ ಹಾಕಿದ. ತಲೆಬರಹದ ಸಂಖ್ಯೆ ಅವನ ನೆನಪಿಗೇ ಬರಲಿಲ್ಲ.

ಮಾರನೇ ದಿನ ಮಧ್ಯಾಹ್ನ ಹಿಲ್ಲೆ ಪುರಭವನದಿಂದ ಓಡಿ ಬಂದಳು. ಒಂದು ಕಾಲಿನ ಮರದ ಚಪ್ಪಲಿ ದಾರಿಯಲ್ಲೇ ಬಿದ್ದುಹೋಗಿತ್ತು.

"ಇಲ್ಲ ಭಾವ! ಬೆರಳಿಟ್ಟು ಓದ್ದೆ, ಮೂರು ಸಲ ಓದ್ದೆ, ಅವರ ಹೆಸರು ಇಲ್ಲ!"

ಅವನ ಎದೆಗೆ ಹಣೆ ಒತ್ತಿ ಅತ್ತಳು. ಬಟಾಣಿ ಬೇಯಿಸಿ, ಎಲ್ಲಿಂದಲೋ ಹಂದಿಯ ಕಾಲು ತಂದು ಹಾಕಿ ಅಡುಗೆ ಮಾಡಿದಳು. ಲುಬ್ಬರ್ಟ್ ಉಂಡ. ಉಂಡ ಮೇಲೆ ಹೇಳುವುದು ಹೇಗೆ? ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಅವನ ನಾಳೆ ಮೂರು ವರ್ಷ ದಾಟಿತು.

ದಂಡಿನಿಂದ ಕುಂಟುತ್ತಾ ಬಂದ ಒಬ್ಬಿಬ್ಬರನ್ನು ಹಿಲ್ಲೆ ವಿಚಾರಿಸಿದಳು. "ಬೆಳಿಗ್ಗೆ ಕಂಡಿದ್ದೆ ಕಣಮ್ಮ, ಆಮೇಲೆ ಹೊಗೆ" ಎಂದನೊಬ್ಬ. ಸತ್ತವರಲ್ಲಿಲ್ಲ, ಬಂದವರಲ್ಲಿಲ್ಲ, ಅಂದ ಮೇಲೆ ಫ್ರೆಂಚರ ಸೆರೆಯಲ್ಲಿರಬೇಕು. ಹಿಲ್ಲೆಯ ತರ್ಕ ಸರಿಯಾಗಿಯೇ ಇತ್ತು. ದೂರದ ಸಮುದ್ರದಂಡೆಯ ಯಾವುದೋ ಕೋಟೆಯಲ್ಲಿ ಕಲ್ಲು ಹೊರುತ್ತಿರಬೇಕು, ರಾಜಿಯಾದ ಮೇಲೆ ಬಿಡುತ್ತಾರೆ ಎಂದು ಅವಳು ಊರಿಗೆಲ್ಲ ಹೇಳಿದಳು. ಸರಕುದೋಣಿ ನಡೆಸುವ ಗೋವರ್ಟ್ ಎಂಬ ಒಳ್ಳೆಯ ಗಂಡಸು, ಹೆಂಡತಿ ತೀರಿಕೊಂಡವನು, ಅವಳನ್ನು ಮದುವೆಯಾಗುತ್ತೇನೆಂದು ಎರಡು ವರ್ಷ ಕಾದ. "ನನ್ನ ಗಂಡ ಬದುಕಿದಾನೆ. ಬೇಕಾದ್ರೆ ಪಟ್ಟಿ ನೋಡ್ಕೊಳ್ಳಿ" ಎಂದು ಅವಳು ಅವನನ್ನು ಸಾಗಹಾಕಿದಳು. ಅವನು ಕಾದು ಸಾಕಾಗಿ ಕೊನೆಗೆ ಬೇರೆಯವಳ ಕೈ ಹಿಡಿದ. ಆ ಮದುವೆಯೂಟಕ್ಕೆ ಲುಬ್ಬರ್ಟ್ ಹೋಗಿ ಬಂದ.

ಮೊಳೆಯ ಕೆಲಸದಲ್ಲಿ ಒಂದು ಕ್ರಮವಿದೆ. ಅಚ್ಚಾದ ಮೇಲೆ ಸಾಲುಗಳನ್ನು ಬಿಚ್ಚಿ ಒಂದೊಂದು ಮೊಳೆಯನ್ನೂ ತೊಳೆದು ಅದರ ಖಾನೆಗೇ ಹಾಕಬೇಕು. ಆ ಅರವತ್ತೊಂದು ಹೆಸರುಗಳೂ ಹಾಗೇ ಬಿಚ್ಚಿ ಕೇಸಿನಲ್ಲಿ ಕಲೆತುಹೋದವು. ಮರುವಾರ ಅವೇ ಮೊಳೆಗಳಿಂದ ಮದುವೆಯ ಪದ್ಯ ಜೋಡಿಸಿದ, ಕಳೆದುಹೋದ ಹಸುವಿನ ಪ್ರಕಟಣೆ ಜೋಡಿಸಿದ. ಯಾವ ಅಕ್ಷರ ಯಾರದಾಗಿತ್ತೋ ಎಂದು ಬೆರಳು ತಡೆಯುತ್ತಿತ್ತು. ವೆಸ್ಸೆಲ್‌ನ ಎರಡು ವೀಗಳು ಮಾತ್ರ ಶಾಯಿಯನ್ನೇ ಕಾಣದೆ ಹಿಂದಕ್ಕೆ ಹೋಗಿದ್ದವು. ಅವು ಎಲ್ಲಿವೆಯೆಂದು ತನಗೆ ಗೊತ್ತೆಂದೇ ಅವನಿಗನಿಸುತ್ತಿತ್ತು. ನೂರಾರು ವೀಗಳ ನಡುವೆ ಆ ಎರಡು ಅವನ ಬೆರಳಿಗೆ ತಣ್ಣಗೆ ತಾಗುತ್ತಿದ್ದವು. ಮಧ್ಯಾಹ್ನ ಎಲ್ಲರೂ ರೊಟ್ಟಿ ತಿನ್ನುವಾಗ ಕೆಳಗೆ ನೆಲಮಾಳಿಗೆಯಲ್ಲಿ ಯಂತ್ರದ ಹಿಡಿ ಒಮ್ಮೆ ನರಳಿದ್ದು ಕೇಳುತ್ತಿತ್ತು. ಮರ ಬಿಸಿಲಿಗೆ ಬಿರಿಯುತ್ತದೆ, ಏನೂ ಅಲ್ಲ ಎಂದು ಬೇರೆಯವರು ಹೇಳಿದರೆ, ಇಲ್ಲಿ ಬಿಸಿಲೆಲ್ಲಿದೆ ಎಂದು ಅವನು ಕೇಳುತ್ತಿದ್ದ.

ಅಷ್ಟರಲ್ಲಿ ಊರಿಗೆ ರಾಯಭಾರಿಗಳು ಬಂದಿಳಿದರು. ಯುರೋಪಿನ ರಾಜರೆಲ್ಲರ ಪರವಾಗಿ ಶಾಂತಿ ಮಾತಾಡುವವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ಒಂದು ವರ್ಷ ಕಳೆಯಿತು. ಯಾರ ಗಾಡಿ ಮೊದಲು ಸೇತುವೆ ದಾಟಬೇಕೆಂದು ಒಂದು ವಾರ, ಯಾರ ಆಳು ಯಾರಿಗೆ ಮೂತಿ ತಿರುವಿದನೆಂದು ಒಂದು ತಿಂಗಳು. ಹಿಲ್ಲೆ ದಿನಾ ಕೆಲಸಕ್ಕೆ ಬರುವ ಮೊದಲು ಪುರಭವನದ ಕಾವಲಿನವನನ್ನು ಕೇಳಿಕೊಂಡು ಬರುತ್ತಿದ್ದಳು.

"ಇವತ್ತು ಸಹಿ ಆಯ್ತಾ?"

"ಇವತ್ತು ಬರೀ ಊಟ ಆಯ್ತಮ್ಮ."

ಆಗ, ಸಾವಿರದ ಏಳುನೂರ ಹದಿಮೂರರ ಜನವರಿಯಲ್ಲಿ, ಎವರಾರ್ಡ್ ಪಾದ್ರಿ ಕಂಕುಳಲ್ಲಿ ಕಾಗದದ ಕಟ್ಟು ಇಟ್ಟುಕೊಂಡು ಅಚ್ಚುಕೂಟದ ಮೆಟ್ಟಿಲು ಹತ್ತಿದರು. ಒಂದು ಹಳ್ಳಿಯ ಇಗರ್ಜಿಯಿಂದ ಕೆಲಸ ಬಿಡಿಸಿಕೊಂಡವರು. ಗೆಲುವಿನ ಪ್ರಾರ್ಥನೆ ಮಾಡಿಸಿರೆಂದರೆ, ಮೊದಲು ಸತ್ತವರ ಹೆಸರು ಓದೋಣ ಎಂದು ನಾಲ್ಕು ಗಂಟೆ ಓದಿಸಿದ್ದರಂತೆ; ಇಗರ್ಜಿಯ ಹಿರಿಯರ ಸೊಂಟ ಹಿಡಿದುಕೊಂಡಿತು, ಪಾದ್ರಿಯ ಕೆಲಸ ಹೋಯಿತು. ಅಂಗಿಯ ತುಂಬ ನಸ್ಯದ ಪುಡಿ, ಕಣ್ಣಲ್ಲಿ ಹಟ. ರಾಜರು ಇನ್ನು ಮುಂದೆ ಎಂದೆಂದಿಗೂ ಯುದ್ಧ ಮಾಡದಂತೆ ಇಪ್ಪತ್ತನಾಲ್ಕು ನಿಯಮಗಳ ಯೋಜನೆ ಬರೆದಿದ್ದರು. ರಾಯಭಾರಿಗಳು ಊರು ಬಿಡುವ ಮೊದಲು ಒಬ್ಬೊಬ್ಬರ ಕೈಗೂ ಒಂದೊಂದು ಪ್ರತಿ ಕೊಡಬೇಕೆಂದು ಅವರ ಆಸೆ.

ಕ್ಲಾರಾ ಪುಸ್ತಕ ಒಪ್ಪಿಕೊಂಡಳು. ಜೋಡಿಸುವ ಕೆಲಸ ಲುಬ್ಬರ್ಟನ ಪಾಲಿಗೆ ಬಂತು.

ಪೀಡೆ ಶುರುವಾದದ್ದು ಅಲ್ಲಿಂದ. ಆ ಊರಿನ ಭಾಷೆಯಲ್ಲಿ ಶಾಂತಿಯನ್ನು ವ್ರೇದೆ ಎನ್ನುತ್ತಾರೆ, ಒಂದು ವೀ ಹಾಕಿ ಬರೆಯುತ್ತಾರೆ. ಅದರ ಪಕ್ಕ ಇನ್ನೊಂದು ವೀ ನಿಂತರೆ ಅದು ಡಬ್ಬಲ್ ವೀ ಆಗಿ, ಉಳಿದ ಅಕ್ಷರಗಳೆಲ್ಲ ಇದ್ದ ಹಾಗೇ ಇದ್ದು, ಅರ್ಥ ಕ್ರೂರ ಎಂದಾಗಿಬಿಡುತ್ತದೆ. ಬಾಯಲ್ಲಿ ಹೇಳಿದರೆ ಎರಡಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. ಪಾದ್ರಿಯ ಪುಸ್ತಕದಲ್ಲಿ ಪುಟಕ್ಕೆ ಇಪ್ಪತ್ತು ಸಲ ಶಾಂತಿ. ಮೊದಲ ಕರಡು ಎಳೆದಾಗ ಹನ್ನೊಂದು ಕಡೆ ಎರಡೆರಡು ವೀ ನಿಂತಿದ್ದವು.

ವೆಸ್ಸೆಲ್ ಹೋದ ಮೇಲೆ ಯಂತ್ರ ಎಳೆಯಲು ಬಂದಿದ್ದ ತೇನಿಸ್‌ಗೆ ನಾಲಿಗೆ ಉದ್ದ. ಕರಡು ಹಿಡಿದು ಗಟ್ಟಿಯಾಗಿ ಓದಿದ: "'ರಾಜರೆಲ್ಲ ಸೇರಿ ಶಾಶ್ವತ ಕ್ರೂರವನ್ನು ಸ್ಥಾಪಿಸತಕ್ಕದ್ದು.' ಅಣ್ಣಾ, ಇದಕ್ಕಾದ್ರೆ ರಾಜರು ಕಣ್ಣು ಮುಚ್ಕೊಂಡು ಸಹಿ ಹಾಕ್ತಾರೆ!"

ಪಾದ್ರಿಗಳು ನಕ್ಕರು. "ಕೈತಪ್ಪು ಬಿಡಪ್ಪ, ತಿದ್ದಿದ್ರಾಯ್ತು" ಎಂದರು.

ಲುಬ್ಬರ್ಟ್ ತಿದ್ದಿದ. ಎರಡನೆಯ ಕರಡಿನಲ್ಲಿ ಒಂಬತ್ತು. ಒಂದೊಂದೇ ಮೊಳೆ ನೋಡಿ ನೋಡಿ ಜೋಡಿಸಿದ. ಬೆರಳು ಒಂದು ವೀ ಇಟ್ಟು, ಅವನ ಕಣ್ಣ ಮುಂದೆಯೇ ಇನ್ನೊಂದಕ್ಕೆ ಹೋಗುತ್ತಿತ್ತು. ಆ ಎರಡು ವೀ ಯಾವ ಹೆಸರಿನ ಮೊದಲಕ್ಷರ ಎಂದು ಅವನಿಗೆ ಗೊತ್ತು. ಬರೆಯದೆ ಬಿಟ್ಟ ಹೆಸರು ಬರೆ ಬರೆ ಎಂದು ಶಾಂತಿ ಬಂದಲ್ಲೆಲ್ಲ ತಲೆ ತೂರಿಸುತ್ತಿತ್ತು. ಅವನು ಬಲಗೈಯನ್ನು ತಣ್ಣೀರಲ್ಲಿ ಅದ್ದಿದ, ಬೆರಳಿಗೆ ದಾರ ಕಟ್ಟಿಕೊಂಡ.

ಹಿಲ್ಲೆ ಕೆಂಡದ ಪೆಟ್ಟಿಗೆಯ ಮೇಲೆ ಕಾಲಿಟ್ಟುಕೊಂಡು ಕೂತಲ್ಲಿಂದಲೇ, "ಭಾವ, ಹುಷಾರಾಗಿ ಜೋಡಿಸಿ. ಈ ಪುಸ್ತಕ ನೋಡಿನಾದ್ರೂ ಅವರು ಬೇಗ ಸಹಿ ಹಾಕಲಿ. ನಮ್ಮೋರು ಬರ್ಲಿ" ಎಂದಳು. ಅವಳು ಆ ವಾರ ವೆಸ್ಸೆಲ್‌ನ ಹಳೇ ಕೋಟನ್ನು ಬಿಚ್ಚಿ ಹೊಲಿಯುತ್ತಿದ್ದಳು. ಸೆರೆಮನೆಯಲ್ಲಿ ಸೊರಗಿರುತ್ತಾನೆ, ಸಡಿಲವಾಗುತ್ತದೆ ಎಂದು ಒಳಗೆ ಹಿಡಿಯುತ್ತಿದ್ದಳು. ಸಹಿಯಾಗುವ ಮೊದಲು ಹೇಳಲೇಬೇಕು ಎಂದು ಲುಬ್ಬರ್ಟ್ ದಿನಾ ನಿಶ್ಚಯಿಸುತ್ತಿದ್ದ. ಸಹಿಯಾಗಿ ಸೆರೆಯಾಳುಗಳೆಲ್ಲ ಬಂದು, ಅವನೊಬ್ಬ ಬರದೆ ಹೋದರೆ ಅವಳು ಏನಾಗುತ್ತಾಳೋ. ದಿನಾ ಅವಳ ಮುಖ ನೋಡಿ ಬಾಯಿ ಕಟ್ಟುತ್ತಿತ್ತು.

ಒಂಬತ್ತನೆಯ ನಿಯಮದ ಹಾಳೆ ಬಂದ ದಿನ ಪಾದ್ರಿಗಳೇ ನಿಂತು ಅದನ್ನು ಎಲ್ಲರಿಗೂ ಓದಿ ಹೇಳಿದರು. ಯುದ್ಧ ಬೇಕೆನ್ನುವ ರಾಜ ಮೊದಲು ರಾಜರ ಸಭೆಯಲ್ಲಿ ಎದ್ದು ನಿಂತು, ಹಿಂದಿನ ಯುದ್ಧದಲ್ಲಿ ಸತ್ತ ತನ್ನ ಆಳುಗಳ ಹೆಸರುಗಳನ್ನೆಲ್ಲ ಸ್ವಂತ ಬಾಯಿಂದ ಓದಬೇಕು. ಒಂದು ಹೆಸರು ಬಿಟ್ಟರೂ ಮತ್ತೆ ಮೊದಲಿಂದ.

"ಅಷ್ಟರಲ್ಲಿ ರಾಜನಿಗೇ ಗಂಟಲು ಬಿದ್ದೋಗುತ್ತೆ ಪಾದ್ರಿಗಳೇ, ಆಮೇಲೆ ಯುದ್ಧಕ್ಕೆ ಹೋಗಿ ಅಂತ ಹೇಳೋರ್ಯಾರು?" ಎಂದ ತೇನಿಸ್.

"ಅದಕ್ಕೇ ಬರ್ದಿರೋದು ಕಣೋ" ಎಂದರು ಪಾದ್ರಿ. ಆಮೇಲೆ ಗಲ್ಲ ತುರಿಸಿಕೊಂಡು, "ಒಂದು ಮಾದರಿ ಕೊಟ್ರೆ ಚೆನ್ನಾಗಿರುತ್ತೆ. ನಿಜವಾದ ಪಟ್ಟಿ. ರಾಯಭಾರಿಗಳು ಓದಿ ನೋಡಲಿ, ನಾಲಿಗೆ ಹೇಗೆ ಹೊರಳುತ್ತೆ ಅಂತ" ಎಂದರು.

ಕ್ಲಾರಾ ತನ್ನ ಮನೆಯಲ್ಲಿ ಅಚ್ಚಾದ ಪ್ರತಿಯೊಂದರ ಒಂದೊಂದು ಪ್ರತಿ ಪೆಟ್ಟಿಗೆಯಲ್ಲಿ ಇಟ್ಟಿದ್ದಳು, ಹಸುವಿನ ಪ್ರಕಟಣೆಯವರೆಗೆ. ಎದ್ದು ಹೋಗಿ, ಧೂಳು ಊದಿ, ಆ ಅಕ್ಟೋಬರಿನ ಪಟ್ಟಿಯನ್ನು ತಂದು ಮೇಜಿನ ಮೇಲೆ ಹರಡಿದಳು. ಲುಬ್ಬರ್ಟ್ ಸ್ಟಿಕ್ಕು ಕೈಗೆತ್ತಿಕೊಂಡ. ಇದ್ದದ್ದನ್ನು ಇದ್ದ ಹಾಗೆ ಮತ್ತೊಮ್ಮೆ ಜೋಡಿಸಿದರಾಯಿತು, ಒಮ್ಮೆ ಮಾಡಿದ್ದಲ್ಲವೇ ಎಂದುಕೊಂಡ.

ಪಾದ್ರಿಗಳು ಪೆನ್ನಿನ ತುದಿಯಿಂದ ಒಂದೊಂದೇ ಹೆಸರು ಮುಟ್ಟುತ್ತಾ ಎಣಿಸಿದರು. ನಿಂತರು. ಮತ್ತೆ ಎಣಿಸಿದರು.

"ಮೇಲೆ ಅರವತ್ತೆರಡು ಅಂತಿದೆ. ಇಲ್ಲಿರೋದು ಅರವತ್ತೊಂದು."

ಮೂರು ವರ್ಷ ಊರಿನ ಬಾಗಿಲುಗಳ ಮೇಲೆ ಮಳೆಬಿಸಿಲಿಗೆ ಅಂಟಿಕೊಂಡಿದ್ದ ಪಟ್ಟಿ. ತಾಯಂದಿರು ಓದಿದ್ದರು, ಹೆಂಡಂದಿರು ಓದಿದ್ದರು. ತಮ್ಮದೊಂದು ಹೆಸರು ಹುಡುಕುವವರು ಉಳಿದವರನ್ನು ಎಣಿಸುತ್ತಾರೆಯೇ? ಅರವತ್ತೊಂದನ್ನೂ ಎಣಿಸಿದವರು ಊರಿಗೆಲ್ಲ ಈ ಪಾದ್ರಿ ಒಬ್ಬರೇ.

"ಒಬ್ಬ ಎಲ್ಲಿ ಹೋದ?" ಎಂದರು ಪಾದ್ರಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಲುಬ್ಬರ್ಟ್ ತನ್ನ ಸ್ಟಿಕ್ಕನ್ನು ಬೆನ್ನ ಹಿಂದೆ ಇಟ್ಟುಕೊಂಡ. ಹಿಲ್ಲೆ ಕೆಂಡದ ಪೆಟ್ಟಿಗೆಯ ಮೇಲಿಂದ ಕಾಲು ತೆಗೆದು ಎದ್ದು ಬಂದಳು. ಬೆರಳಿಟ್ಟು ಅವಳೂ ಎಣಿಸಿದಳು, ತುಟಿಯಲ್ಲೇ. ಕೊನೆಯ ಹೆಸರಿನ ಕೆಳಗೆ ಬೆರಳು ನಿಂತಿತು.

ಕ್ಲಾರಾ, "ಗುಮಾಸ್ತ ತಪ್ಪು ಎಣಿಸಿರ್ಬೇಕು ಬಿಡಿ. ಕುಡಿದು ಬರ್ದಿರ್ತಾನೆ. ಅಲ್ವೇನೋ ಲುಬ್ಬರ್ಟ್?" ಎಂದಳು.

ಬಾಗಿಲು ತೆರೆದೇ ಇತ್ತು. ಹೌದು ಎಂದರೆ ಮುಗಿಯುತ್ತಿತ್ತು. ತಲೆಬರಹವನ್ನು ಅರವತ್ತೊಂದು ಎಂದು ತಿದ್ದಿದರೆ ವೆಸ್ಸೆಲ್ ಲೋಕದ ಯಾವ ಕಾಗದದಲ್ಲೂ ಸತ್ತವನಾಗುತ್ತಿರಲಿಲ್ಲ. ಲುಬ್ಬರ್ಟ್ ಬಾಯಿ ತೆರೆದ. ಹಿಲ್ಲೆ ಅವನನ್ನೇ ನೋಡುತ್ತಿದ್ದಳು. ಆ ಕಣ್ಣಲ್ಲಿ ಸಂಶಯ ಒಂದಿಷ್ಟೂ ಇರಲಿಲ್ಲ. ಭಾವ ಹೇಳಿದ್ದೇ ಸರಿ ಎಂಬ ನಂಬಿಕೆ ಇತ್ತು. ಅದನ್ನು ಅವನಿಂದ ತಡೆಯಲಾಗಲಿಲ್ಲ.

"ಗುಮಾಸ್ತ ಸರಿಯಾಗೇ ಎಣಿಸಿದ್ದ" ಎಂದ. "ನಲವತ್ತೊಂಬತ್ತನೆಯವನನ್ನ ನಾನೇ ಬಿಟ್ಟೆ. ವೆಸ್ಸೆಲ್."

ತೇನಿಸ್ ಟೋಪಿ ತೆಗೆದ. ಪಾದ್ರಿಗಳು ಕುರ್ಚಿ ಹುಡುಕಿ ಕೂತರು. ಹಿಲ್ಲೆ ಬಹಳ ಮೆಲ್ಲಗೆ, ಅಂಗಡಿಯಲ್ಲಿ ಏನೋ ವಿಚಾರಿಸುವವಳ ಹಾಗೆ, "ಗುಮಾಸ್ತ ಬರ್ದಿದ್ದ ಕಾಗದ ಎಲ್ಲಿ?" ಎಂದಳು.

"ಸುಟ್ಟೆ."

"ಯಾವತ್ತು?"

"ಅವತ್ತೇ."

"ಅದರ ಮಾರನೇ ದಿನ ನಾನು ಬಟಾಣಿ ಸಾರು ಮಾಡಿದ್ದೆ" ಎಂದಳು ಹಿಲ್ಲೆ. "ಎರಡು ಸಲ ಹಾಕಿಸ್ಕೊಂಡ್ರಿ."

ಅವನು ಏನೇನೋ ಹೇಳಲು ಹೋದ. ನಿನ್ನ ಮುಖ ನೋಡಿ ಆಗಲಿಲ್ಲ, ನಾನೇ ಕಳಿಸಿದವನು, ನಾಳೆ ನಾಳೆ ಎಂದು... ಅವಳು ಕೈ ಎತ್ತಿ ನಿಲ್ಲಿಸಿದಳು.

"ಗೋವರ್ಟ್ ಎರಡು ವರ್ಷ ನಮ್ಮ ಬಾಗಿಲಿಗೆ ಬಂದ. ನಾನು ಒಲ್ಲೆ ಅಂದಾಗೆಲ್ಲ ನೀವು ಪಕ್ಕದಲ್ಲೇ ಕೂತು ಪೈಪು ಸೇದ್ತಾ ಇದ್ರಿ. ಅವನ ಮದುವೆ ಊಟಕ್ಕೂ ಹೋಗಿ, ಬಂದು, ಮೀನು ಚೆನ್ನಾಗಿತ್ತು ಅಂದ್ರಿ. ಅವತ್ತಾದ್ರೂ ಹೇಳ್ಬೋದಿತ್ತಲ್ಲ ಭಾವ. ಅದಕ್ಕೆ ಮುಂಚೆ ಒಂದು ದಿನ."

ಆಮೇಲೆ ಅವಳು ತನ್ನ ಮೇಜಿಗೆ ಹೋಗಿ ಅರ್ಧ ಮಡಿಸಿದ್ದ ಹಾಳೆಯನ್ನು ಪೂರ್ತಿ ಮಡಿಸಿ, ಉಜ್ಜಿ, ಕಟ್ಟಿನ ಮೇಲಿಟ್ಟು, ಹೊದಿಕೆ ತಗೊಂಡು ಹೊರಟುಹೋದಳು. ಅವತ್ತೇ ತಂಗಿಯ ಮನೆಗೆ ಸಾಮಾನು ಸಾಗಿಸಿದಳು. ಕೋಟನ್ನೂ ಒಯ್ದಳು.

ಲುಬ್ಬರ್ಟ್ ಅಂದು ಸಂಜೆಯೊಳಗೆ ಅರವತ್ತೆರಡು ಹೆಸರುಗಳನ್ನೂ ಜೋಡಿಸಿದ. ನಲವತ್ತೊಂಬತ್ತನೆಯ ಸಾಲಿಗೆ ಎರಡು ವೀ ಇಟ್ಟಾಗ ಬೆರಳಿಗೆ ಏನಾದರೂ ಬಿಡುಗಡೆಯಾಗುತ್ತದೆ ಎಂದು ಕಾದ. ಏನೂ ಆಗಲಿಲ್ಲ. ಅವು ಬರೀ ಸೀಸದ ಮೊಳೆಗಳು. ಹತ್ತನೆಯ ನಿಯಮದ ಮೊದಲ ಸಾಲಿನಲ್ಲೇ ಶಾಂತಿ ಮತ್ತೆ ಎರಡು ವೀಯಿಂದ ನಿಂತಿತು. ನಿಜ ಹೇಳಿದರೆ ಹೊತ್ತ ಭಾರ ಇಳಿಯುತ್ತದೆ ಎನ್ನುತ್ತಾರಲ್ಲ, ಹಾಗೆನ್ನುವವರು ಸಕಾಲಕ್ಕೆ ಹೇಳಿದವರಿರಬೇಕು.

ಅವನು ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ಹಿಲ್ಲೆಯನ್ನು ಇಗರ್ಜಿಯ ಪುಸ್ತಕದಲ್ಲಿ ವಿಧವೆ ಎಂದು ಬರೆಸಬೇಕೆಂದು ಹಿರಿಯರ ಮುಂದೆ ಹೋಗಿ ನಿಂತ. ಹಾಗೆ ಬರೆದರೆ ಅವಳು ಮತ್ತೆ ಮದುವೆಯಾಗಬಹುದು.

"ಪುರಾವೆ ಏನಿದೆ?" ಎಂದರು ಹಿರಿಯರು.

"ನನ್ನ ಮಾತು."

"ಅವನು ಸತ್ತಿಲ್ಲ ಅಂತ ಅಚ್ಚು ಹಾಕ್ದೋನೂ ನೀನೇ, ಸತ್ತ ಅಂತ ಹೇಳ್ತಿರೋನೂ ನೀನೇ. ನಾವು ನಿನ್ನ ಯಾವ ಮಾತು ಬರ್ಕೊಳ್ಳೋಣ?"

ದಂಡಿಗೆ ಪತ್ರ ಬರೆದ. ಗುಮಾಸ್ತ ಮರುವರ್ಷವೇ ಜ್ವರದಲ್ಲಿ ಹೋದನೆಂದೂ, ಕಂಪನಿಯ ಕಾಗದಪತ್ರ ಒಂದು ಹೊಳೆ ದಾಟುವಾಗ ಗಾಡಿಯ ಸಮೇತ ಮುಳುಗಿತೆಂದೂ ಉತ್ತರ ಬಂತು. ಅಲ್ಲಿಗೆ ವೆಸ್ಸೆಲ್ ಸತ್ತದ್ದಕ್ಕೆ ಭೂಮಿಯ ಮೇಲೆ ಉಳಿದ ಸಾಕ್ಷಿ ಲುಬ್ಬರ್ಟ್ ಒಬ್ಬನೇ.

ಪುಸ್ತಕ ಮಾರ್ಚಿನಲ್ಲಿ ಹೊರಬಂತು. ತಿದ್ದಿ ತಿದ್ದಿ ಸಾಕಾದರೂ ಎರಡು ಮೂರು ಕಡೆ ಶಾಶ್ವತ ಕ್ರೂರ ಉಳಿದೇ ಹೋಯಿತು. ಪಾದ್ರಿಗಳು ಮನೆಮನೆಗೆ ಹೋಗಿ ರಾಯಭಾರಿಗಳ ಆಳುಗಳ ಕೈಗೆ ಪ್ರತಿ ಕೊಟ್ಟು ಬಂದರು. ಯಾರಾದರೂ ಒಂಬತ್ತನೆಯ ನಿಯಮದವರೆಗೆ ಓದಿದರೋ ಇಲ್ಲವೋ ತಿಳಿಯದು. ಏಪ್ರಿಲಿನಲ್ಲಿ ಸಹಿಯಾಯಿತು. ದೊಡ್ಡ ಇಗರ್ಜಿಯ ದೋಮ್ ಗೋಪುರದ ಗಂಟೆಗಳು ಬಡಿದವು, ಕಾಲುವೆಯ ಸೇತುವೆಗಳ ಮೇಲೆ ಜನ ಕುಣಿದರು. ಕ್ಲಾರಾ ಎಲ್ಲರಿಗೂ ಬಿಯರು ಕೊಟ್ಟು ರಜೆ ಕೊಟ್ಟಳು. ಲುಬ್ಬರ್ಟ್ ಕೇಸಿನ ಮುಂದೆಯೇ ಕೂತಿದ್ದ.

ಸೆರೆಯಾಳುಗಳು ಜೂನಿನಲ್ಲಿ ಬಂದರು. ದಕ್ಷಿಣದ ಊರಬಾಗಿಲಿನಿಂದ ಹತ್ತು, ಹದಿನೈದು ಮಂದಿಯ ಗುಂಪುಗಳಲ್ಲಿ, ಮೂರು ದಿನ ಬಂದರು. ಗಡ್ಡ ಬೆಳೆದು, ಬಟ್ಟೆ ಹರಿದು, ತಾಯಂದಿರಿಗೂ ಗುರುತು ಹತ್ತದ ಹಾಗಿದ್ದರು. ಮೂರನೆಯ ದಿನ ಮಧ್ಯಾಹ್ನ ತೇನಿಸ್ ಓಡಿಬಂದು, "ಅಣ್ಣಾ, ಹಿಲ್ಲೆ ಅಕ್ಕ ಮೂರು ದಿನದಿಂದ ಬಾಗಿಲ ಹತ್ರಾನೇ ನಿಂತಿದಾರಂತೆ" ಎಂದ.

ಲುಬ್ಬರ್ಟ್ ಹೋದ. ಬಾಗಿಲಿನ ಕಮಾನಿನ ಕೆಳಗೆ ಅವಳು ನಿಂತಿದ್ದಳು, ಕೈಮೇಲೆ ಕೋಟು. ಜನವರಿಯಿಂದ ಅವಳು ಅವನ ಜೊತೆ ಮಾತಾಡಿರಲಿಲ್ಲ. ಕೊನೆಯ ಗುಂಪು ದಾಟಿಹೋಗಿತ್ತು. ಕಾವಲಿನವರು ನೆಲ ಗುಡಿಸುತ್ತಿದ್ದರು. ಅವನು ಅವಳ ಹತ್ತಿರ ಹೋಗಿ, "ಹಿಲ್ಲೆ, ನಾನು ಹೇಳಿದ್ನಲ್ಲಮ್ಮ. ಗೊತ್ತಿದ್ದೂ ಯಾಕೆ ಬಂದೆ?" ಎಂದ.

ಅವಳು ರಸ್ತೆಯಿಂದ ಕಣ್ಣು ಕೀಳಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಒಂದು ಸಲ ನನಗೆ ಸುಳ್ಳು ಹೇಳಿದೋರು ನೀವು, ಭಾವ" ಎಂದಳು. "ಇದೂ ಸುಳ್ಳೇ ಇರ್ಬೋದೇನೋ ಅಂತ ಬಂದೆ."

ಲುಬ್ಬರ್ಟನಿಗೆ ಅವಳನ್ನು ಬಿಟ್ಟು ಹೋಗಲಾಗಲಿಲ್ಲ. ಪಕ್ಕದಲ್ಲಿ ನಿಂತ. ದೂರದಲ್ಲಿ, ಪಾಪ್ಲರ್ ಮರಗಳ ಸಾಲಿನ ಆಚೆ, ಯಾರೋ ಒಬ್ಬ ಮನುಷ್ಯ ನಡೆದು ಬರುತ್ತಿದ್ದ. ಅವನ ಬಲತೋಳು ಎಡತೋಳಿಗಿಂತ ದಪ್ಪವೇ ಎಂದು ನೋಡಲು ಲುಬ್ಬರ್ಟ್ ಎರಡು ಹೆಜ್ಜೆ ಮುಂದೆ ಹೋದ.